ಹಿತ್ತಲ ಶಾಲೆಯ ಗಂಟೆ

ಒಡಿಲಿಯಾ ಬೋರ್ಬಾ ಬರುತ್ತಿದ್ದಾರೆ ಅನ್ನುವುದು ನಮ್ಮ ಶಾಲೆಗೆ ಎರಡು ಬೀದಿ ಆಚೆಯೇ ಗೊತ್ತಾಗುತ್ತದೆ. ಮೊದಲು ಅವರ ಹಳೇ ಟ್ರಕ್ಕಿನ ಗೊರಗೊರ, ಅದರ ಮೇಲೆ ಅವರ ಗಂಟಲು. ಗೇಟಿನ ಹತ್ತಿರ ಯಾರಾದರೂ ಸಿಗರೇಟು ಹಿಡಿದು ನಿಂತಿದ್ದರೆ ಗಾಡಿ ನಿಲ್ಲಿಸುವ ಮೊದಲೇ ಮಂಗಳಾರತಿ ಶುರು.

"ಏಯ್, ಅದ್ಯಾವ್ದದು ಬೆಳ್‌ಬೆಳಗ್ಗೆ ಹೊಗೆ ಬಿಡ್ತಿರೋ ಚಿಮಣಿ? ಒಳಗ್ ಹೋಗು, ಈರುಳ್ಳಿ ಹೆಚ್ಚು. ಕಣ್ಣಲ್ಲಿ ನೀರು ಬರ್ಬೇಕು ನಿಂಗೆ."

ಬೈಸಿಕೊಂಡವನು ನಗುತ್ತಾ ಒಳಗೆ ಹೋಗುತ್ತಾನೆ. ಅವರ ಬೈಗುಳಕ್ಕೆ ಯಾರೂ ಮುನಿಸಿಕೊಂಡದ್ದನ್ನು ನಾನು ನೋಡಿಲ್ಲ. ಅವರು ಬೈಯದ ದಿನ ಮಾತ್ರ ಮಕ್ಕಳು ನನ್ನ ಹತ್ತಿರ ಬಂದು, "ಮಿಸ್‌ಗೆ ಹುಷಾರಿಲ್ವಾ?" ಅಂತ ಕೇಳುತ್ತಾರೆ.

ನಾನು ಗಿಲ್. ಶಾಲೆ ನಡೆಸುವುದು ಅವರು, ಗಣಿತ ಹೇಳಿಕೊಡುವುದು ನಾನು. ಒಂದು ವರ್ಷ ನೋಡೋಣ ಅಂತ ಬಂದವನು ಇಲ್ಲೇ ಕೂದಲು ನೆರೆಸಿಕೊಂಡೆ. ನಮ್ಮ ಶಾಲೆಗೆ ಸರ್ಕಾರಿ ಕಾಗದಗಳಲ್ಲಿ ಹೊಸ ಬೆಳಕು, ಹೊಸ ದಾರಿ ಅನ್ನುವಂಥ ಒಂದು ಚಂದದ ಹೆಸರಿದೆ. ಊರಿನವರ ಬಾಯಲ್ಲಿ ಮಾತ್ರ ಅದು ಹಿತ್ತಲ ಶಾಲೆ. ಶಾಲಾ ಬಸ್ಸುಗಳ ಶೆಡ್ಡಿನ ಹಿಂದೆ, ಬಾದಾಮಿ ತೋಟದ ಅಂಚಿಗೆ ಎರಡು ಕೋಣೆ, ಒಂದು ಅಡುಗೆಮನೆ. ಗಾಳಿ ತಿರುಗಿದರೆ ಡೈರಿಗಳ ಸಗಣಿ ವಾಸನೆ ನೇರ ಪಾಠದೊಳಗೆ. ದೊಡ್ಡ ಹೈಸ್ಕೂಲಿನಲ್ಲಿ ಹೊಡೆದಾಡಿದವರು, ತಿಂಗಳುಗಟ್ಟಲೆ ಮುಖ ತೋರಿಸದವರು, ಮೇಷ್ಟರ ಮೇಲೆ ಕುರ್ಚಿ ಎತ್ತಿದವರು ಇಲ್ಲಿಗೆ ಬರುತ್ತಾರೆ. ಬರುತ್ತಾರೆ ಅನ್ನುವುದಕ್ಕಿಂತ ಕಳಿಸಲ್ಪಡುತ್ತಾರೆ. ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಂದು ಸಮಿತಿ ಇದೆ. ಯಾವ ಮಗು ಎಲ್ಲಿ ಓದಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ.

ಅದರ ಪದ್ಧತಿ ಹೀಗೆ. ಅರ್ಧವರ್ಷ ಹಿತ್ತಲ ಶಾಲೆಗೆ ಹಾಕುವುದು, ಆಮೇಲೆ ಮತ್ತೆ ಕೂತು ನೋಡುವುದು. ವೇಳೆಗೆ ಸರಿಯಾಗಿ ಬಂದು, ಪಾಸಾಗಿ, ಜಗಳವಾಡದೆ ಇದ್ದರೆ ದೊಡ್ಡ ಶಾಲೆಗೆ ವಾಪಸ್. ಇಲ್ಲದಿದ್ದರೆ ಇನ್ನೊಂದು ಅರ್ಧವರ್ಷ ಇಲ್ಲೇ. ಅಂದರೆ ಚೆನ್ನಾಗಿ ಓದಿದವರಿಗೆ ಹೊರಬಾಗಿಲು, ಓದದವರಿಗೆ ಒಳಮನೆ. ಇದರಲ್ಲಿ ವಿಚಿತ್ರವೇನಾದರೂ ಇದೆ ಅಂತ ಜಿಲ್ಲೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಒಡಿಲಿಯಾ ಅವರಿಗಂತೂ ಮೊದಲೇ ಇಲ್ಲ. ಮಕ್ಕಳನ್ನು ವಾಪಸ್ ಕಳಿಸುವುದೇ ಅವರ ಹಬ್ಬ.

ಹಬ್ಬ ಅಂದರೆ ನಿಜವಾದ ಹಬ್ಬವೇ. ಅವರ ಅಪ್ಪ ಪೋರ್ಚುಗೀಸರ ಅಸೋರ್ಸ್ ದ್ವೀಪಗಳಿಂದ ಬಂದು ಇಲ್ಲಿ ಡೈರಿ ಕಟ್ಟಿದವರು. ಅವರ ಕಡೆಯ ಫೆಸ್ಟಾ ಹಬ್ಬದ ಮೆರವಣಿಗೆಯಲ್ಲಿ ಹೂ ಕಟ್ಟಿಸಿಕೊಂಡು ನಡೆಯುತ್ತಿದ್ದ ಅವರ ಹಸುವಿನ ಕೊರಳಿನ ಗಂಟೆ, ಡೈರಿ ಮಾರಿದ ಮೇಲೆ ಮಗಳ ಪಾಲಿಗೆ ಬಂತು. ಅದನ್ನು ತಂದು ಶಾಲೆಯ ಗೇಟಿಗೆ ಕಟ್ಟಿದರು. ಯಾರಾದರೂ ದೊಡ್ಡ ಶಾಲೆಗೆ ವಾಪಸ್ ಹೋಗುವ ದಿನ ಎಲ್ಲರೂ ಗೇಟಿಗೆ ಬರಬೇಕು. ಒಡಿಲಿಯಾ ಮನೆಯಲ್ಲಿ ಮಾಡಿದ ಸಿಹಿ ಬ್ರೆಡ್ಡು ತಂದು ಮುರಿದು ಹಂಚುತ್ತಾರೆ, ಗಂಟೆ ಹೊಡೆಯುತ್ತಾರೆ, ಹೋಗುವ ಮಗು ಚಪ್ಪಾಳೆಯ ನಡುವೆ ಗೇಟು ದಾಟುತ್ತದೆ. ಜಿಲ್ಲಾ ಕಚೇರಿಗೂ ಒಂದು ಬ್ರೆಡ್ಡು ತಪ್ಪದೆ ಹೋಗುತ್ತದೆ.

ಅವರು ಇಲ್ಲಿಗೆ ಬಂದದ್ದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮೊದಲು ಅವರು ದೊಡ್ಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಫುಟ್‌ಬಾಲ್ ತಂಡದ ಮುಖ್ಯ ಆಟಗಾರನನ್ನು ದೊಡ್ಡ ಪಂದ್ಯದ ಹಿಂದಿನ ವಾರ ಫೇಲು ಮಾಡಿದರು. ಕೋಚ್ ಬಂದು ಕೂಗಾಡಿದ. ಇವರು ಅವನಿಗಿಂತ ಜೋರಾಗಿ ಕೂಗಾಡಿದರು. ಊರಿಗೆ ಊರೇ ಕೋಚ್ ಕಡೆ. ಹೆಡ್‌ಮಾಸ್ಟರು, "ಒಂದು ವರ್ಷ ಹಿತ್ತಲ ಶಾಲೆಗೆ ಹೋಗಿ ಬನ್ನಿ, ಬಿಸಿ ಆರಲಿ" ಅಂದರು. ಮೂಗಿಗಿಂತ ಮೂಗುತಿ ಭಾರ ಅನ್ನುವಂಥ ಊರು ನಮ್ಮದು, ಶಾಲೆಗಿಂತ ಫುಟ್‌ಬಾಲ್ ಹೆಚ್ಚು. ವರ್ಷ ಕಳೆದ ಮೇಲೆ ವಾಪಸ್ ಬನ್ನಿ ಅಂತ ಕರೆ ಬಂತು. ಒಡಿಲಿಯಾ ಹೋಗಲಿಲ್ಲ. "ಇಲ್ಲಿ ಅಡುಗೆಮನೆ ಇದೆ, ಅಲ್ಲಿಲ್ಲ" ಅಂತ ಕಾರಣ ಕೊಟ್ಟರು. ಇವತ್ತಿಗೂ ಅದೇ ಕಾರಣ ಹೇಳುತ್ತಾರೆ.

ನಯೇಲಿ ಓಲ್ಮೋಸ್ ಬಂದದ್ದು ಆಗಸ್ಟಿನಲ್ಲಿ, ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡು. ಊಟದ ಕೋಣೆಯಲ್ಲಿ ಹೊಡೆದಾಟ, ಅದಕ್ಕೂ ಮೊದಲು ಲೆಕ್ಕವಿಲ್ಲದಷ್ಟು ಗೈರುಹಾಜರಿ. ತಾಯಿ ರೊಸೌರಾ ಡೈರಿಯಲ್ಲಿ ಹಾಲು ಕರೆಯುವವಳು. ಮಗಳೂ ನಸುಕಿನಲ್ಲಿ ಜೊತೆಗೆ ಹೋಗಿ ಕರುಗಳಿಗೆ ಹಾಲು ಕುಡಿಸಿ ಬರುತ್ತಿದ್ದಳು. ಮೊದಲ ದಿನ ಒಡಿಲಿಯಾ ಅವಳ ಹೊಲಿಗೆ ನೋಡಿ, "ಗೆದ್ದೋರು ಯಾರು?" ಅಂದರು.

"ಯಾರೂ ಇಲ್ಲ ಮಿಸ್."

"ಹಾಗಾದ್ರೆ ಯಾಕೆ ಹೊಡೆದಾಡ್ಬೇಕಿತ್ತು? ಹೋಗು, ಅನ್ನಕ್ಕೆ ನೀರಿಡು."

ನಮ್ಮಲ್ಲಿ ಮಧ್ಯಾಹ್ನದ ಊಟ ಎಲ್ಲರೂ ಸೇರಿ ಮಾಡುವುದು. ಒಂದೇ ಪಾತ್ರೆ, ಒಂದೇ ಉದ್ದನೆಯ ಮೇಜು. ನಯೇಲಿ ಟೊಮೇಟೊ ಹಾಕಿ ಮಾಡುವ ಕೆಂಪನ್ನಕ್ಕೆ ಒಂದೇ ವಾರದಲ್ಲಿ ಹೆಸರು ಬಂತು. ಲಿಂಗ್ವಿಸಾ ಸಾಸೇಜು ಹಾಕಿ ಎಂದು ಒಡಿಲಿಯಾ, ಹಾಕಬಾರದು ಎಂದು ಅವಳು. ದಿನಾ ಅದೇ ಜಗಳ. ನನ್ನ ತರಗತಿಯಲ್ಲಿ ಬೀಜಗಣಿತ ಕಂಡರೆ ಮೂಗು ಮುರಿಯುತ್ತಿದ್ದವಳು ಅಕ್ಟೋಬರಿನ ಹೊತ್ತಿಗೆ ಬೇರೆಯವರಿಗೆ ಹೇಳಿಕೊಡುತ್ತಿದ್ದಳು. ಒಂದು ದಿನವೂ ತಡವಿಲ್ಲ.

"ಕ್ರಿಸ್ಮಸ್ ಹೊತ್ತಿಗೆ ಇವಳಿಗೆ ಗಂಟೆ ಹೊಡೀತೀನಿ ನೋಡು ಗಿಲ್" ಅಂತ ಒಡಿಲಿಯಾ ಎಲ್ಲರೆದುರೇ ಹೇಳಿದರು. ಅವಳ ಬೆನ್ನು ತಟ್ಟಿ, "ಎಷ್ಟು ಬೆಣ್ಣೆ ಹಾಕ್ಲಿ ಬ್ರೆಡ್ಡಿಗೆ, ಹೇಳು ಮಗಳೇ" ಅಂದರು. ನಯೇಲಿ ಪಾತ್ರೆ ಉಜ್ಜಲು ಹೋದಳು.

ಅದಾದ ಮರುವಾರದಿಂದ ಹುಡುಗಿ ಕೆಟ್ಟಳು. ದಿನಾ ತಡ. ಪರೀಕ್ಷೆಯಲ್ಲಿ ಹೆಸರು ಬರೆದು ಉಳಿದದ್ದು ಖಾಲಿ. ಯಾಕಮ್ಮಾ ಅಂತ ಕೇಳಿದರೆ, "ಬರಲ್ಲ, ಅದ್ಕೆ" ಅನ್ನುವ ಒರಟು ಉತ್ತರ. ಒಡಿಲಿಯಾ ಕೆಂಡಾಮಂಡಲ. ಪ್ರೀತಿ ಗೀತಿ ಇರಬಹುದೇ, ಮಾತ್ರೆ ಗೀತ್ರೆ ತಿನ್ನುತ್ತಿದ್ದಾಳೆಯೇ ಅಂತ ಅವಳ ಗೆಳತಿಯರನ್ನೆಲ್ಲ ವಿಚಾರಿಸಿದರು. ಹೀಗೇ ಆದರೆ ಈ ಅರ್ಧವರ್ಷದ ವಿಷಯಗಳೆಲ್ಲ ಕೈತಪ್ಪಿ, ಮುಂದಿನ ವರ್ಷ ಅವಳು ಹೈಸ್ಕೂಲು ಮುಗಿಸುವ ಮಾತೇ ಇರಲಿಲ್ಲ. ನಯೇಲಿಯ ಮನೆಯಲ್ಲಿ ಹೈಸ್ಕೂಲು ಮುಗಿಸಿದವರು ಇನ್ನೂ ಹುಟ್ಟಿರಲಿಲ್ಲ. ಇವಳೇ ಮೊದಲನೆಯವಳಾಗಬೇಕಿತ್ತು.

"ದಡ ಮುಟ್ಟೋ ಹೊತ್ತಲ್ಲಿ ದೋಣಿ ಮುಳುಗಿಸ್ತಿದಾಳಲ್ಲೋ!" ಅಂತ ನನ್ನ ಮೇಲೆ ರೇಗಿದರು, ನಾನೇ ತೂತು ಕೊರೆದವನ ಹಾಗೆ.

ಡಿಸೆಂಬರಿನಲ್ಲಿ ನಮ್ಮ ಕಣಿವೆಗೆ ಮಂಜು ಇಳಿಯುತ್ತದೆ. ಮುಂದಿನ ಗಾಡಿಯ ಕೆಂಪು ದೀಪ ಕೂಡ ಕಾಣುವುದಿಲ್ಲ. ಅಂಥ ದಿನ ಬೆಳಿಗ್ಗೆ ರೇಡಿಯೋದಲ್ಲಿ ಹೇಳುತ್ತಾರೆ, ಇವತ್ತು ಮಂಜಿನ ವೇಳಾಪಟ್ಟಿ, ಬಸ್ಸುಗಳು ತಡ ಅಂತ. ಆ ದಿನ ಯಾರು ಎಷ್ಟು ಹೊತ್ತಿಗೆ ಬಂದರೂ ತಡ ಅಂತ ಬರೆಯುವಂತಿಲ್ಲ. ಮಕ್ಕಳೆಲ್ಲ ಹೊದ್ದು ಮಲಗಿ ಆರಾಮಾಗಿ ಬರುತ್ತಾರೆ. ಒಂದು ಮಂಜಿನ ಬೆಳಿಗ್ಗೆ ನಾನು ಬೀಗ ತೆಗೆಯಲು ಬಂದರೆ ಮೆಟ್ಟಿಲ ಮೇಲೆ ನಯೇಲಿ ಕೂತಿದ್ದಳು. ಮುಂದಿನ ಮಂಜಿನ ದಿನವೂ ಅವಳೇ ಮೊದಲು. ಮಂಜು ಹರಿದು ಬಿಸಿಲು ಬಂದ ದಿನ ಮತ್ತೆ ತಡ.

ಕಣ್ಣು ಕಾಣದ ದಿನ ದಾರಿ ಸಿಗುತ್ತದೆ, ಬಿಸಿಲಲ್ಲಿ ಸಿಗುವುದಿಲ್ಲ ಅಂದರೆ ಏನರ್ಥ? ಲೆಕ್ಕದ ಮೇಷ್ಟರಿಗೆ ಇಷ್ಟೂ ಹೊಳೆಯದಿದ್ದರೆ ಹೇಗೆ? ತಡ ಅಂತ ಬರೆಸಿಕೊಳ್ಳುವುದಕ್ಕೇ ಅವಳು ತಡ ಮಾಡುತ್ತಿದ್ದಾಳೆ. ಮಂಜಿನ ದಿನ ಬರೆಯುವುದಿಲ್ಲವಲ್ಲ, ಅದಕ್ಕೇ ಬೇಗ.

ಒಡಿಲಿಯಾ ಅವರಿಗೆ ಹೇಳಿದೆ. "ನಿನ್ ತಲೆ" ಅಂದರು. ಆದರೂ ಮರುದಿನ, ಒಳ್ಳೆ ಬಿಸಿಲಿನಲ್ಲಿ, ನನ್ನ ಜೊತೆ ಬಸ್ಸಿನ ಶೆಡ್ಡಿನವರೆಗೆ ಬಂದರು. ಹಳದಿ ಬಸ್ಸುಗಳ ಸಾಲಿನ ಹಿಂದೆ, ಟೈರಿನ ಗುಡ್ಡೆಯ ಮೇಲೆ ನಯೇಲಿ ಕೂತು ಬೀಜಗಣಿತದ ಪುಸ್ತಕ ಓದುತ್ತಿದ್ದಳು. ಶಾಲೆ ಶುರುವಾಗಿ ಆಗಲೇ ಸುಮಾರು ಹೊತ್ತಾಗಿತ್ತು.

ನಮ್ಮನ್ನು ನೋಡಿ ಪುಸ್ತಕ ಬಚ್ಚಿಟ್ಟಳು. ಬೇರೆಯವರು ಸಿಗರೇಟು ಬಚ್ಚಿಡುವ ಹಾಗೆ.

"ಏನೇ ಇದು?" ಒಡಿಲಿಯಾ ಸೊಂಟದ ಮೇಲೆ ಕೈಯಿಟ್ಟರು. "ಇಲ್ಲಿ ಕೂತು ಓದ್ತೀಯಾ, ಅಲ್ಲಿ ಬಂದು ಬರಲ್ಲ ಅಂತೀಯಾ? ನನ್ ಜೊತೆ ಆಟ ಆಡ್ತಿದೀಯಾ?"

ಹುಡುಗಿ ನೆಲ ನೋಡುತ್ತಲೇ ಬಾಯಿ ಬಿಟ್ಟಳು.

"ಗಂಟೆ ಹೊಡೀಬೇಡಿ ಮಿಸ್."

"ಏನು?"

"ನಂಗೆ ಗಂಟೆ ಹೊಡೀಬೇಡಿ. ಅಲ್ಲಿಗ್ ಕಳಿಸ್ಬೇಡಿ. ಅಲ್ಲಿ ನನ್ ಹೆಸರು ಕರೆಯೋರು ಹಾಜರಿ ತಗೊಳ್ಳೋರು ಮಾತ್ರ. ಆಮೇಲೆ ಸಂಜೆ ತನಕ ಯಾರೂ ಕರೆಯಲ್ಲ. ಊಟ ಟಾಯ್ಲೆಟ್ಟಲ್ಲಿ ಕೂತ್ಕೊಂಡ್ ಮಾಡ್ತಿದ್ದೆ. ಅದನ್ನ ಒಬ್ಬಳು ಎಲ್ಲರ ಮುಂದೆ ಹೇಳಿ ನಕ್ಲು, ಅದ್ಕೇ ಅವತ್ತು ಹೊಡೆದಾಟ ಆಗಿದ್ದು. ಇಲ್ಲಿ ಚೆನ್ನಾಗ್ ಓದಿದ್ರೆ ಹೊರಗೆ ಹಾಕ್ತೀರಾ. ಅದ್ಕೇ ಓದ್ತಿಲ್ಲ."

ಒಡಿಲಿಯಾ ಅವರೂ ಒಂದು ಟೈರಿನ ಮೇಲೆ ಕೂತರು.

"ಮಗಳೇ, ವಾಪಸ್ ಹೋಗೋದು ಅಂದ್ರೆ ಬಹುಮಾನ ಅಲ್ವೇನೇ..."

"ನೀವ್ಯಾಕೆ ವಾಪಸ್ ಹೋಗ್ಲಿಲ್ಲ ಮಿಸ್? ನಿಮ್ಮನ್ನೂ ಇಲ್ಲಿಗೆ ಎತ್ತಿ ಹಾಕಿದ್ರಂತೆ. ಎಲ್ರಿಗೂ ಗೊತ್ತು."

"ನಾನು... ಇಲ್ಲೇ ಇರ್ತೀನಿ ಅಂತ ಕೇಳ್ದೆ. ಇಲ್ಲಿ ಅಡುಗೆಮನೆ..."

"ನೀವು ಕೇಳಿದ್ರಿ. ನನ್ನನ್ನ ಯಾರೂ ಕೇಳ್ಲಿಲ್ಲ."

ಇಷ್ಟು ವರ್ಷ ಗಂಟೆ ಹೊಡೆದ ಕೈಯನ್ನು ಒಡಿಲಿಯಾ ಒಂದು ಸಲ ನೋಡಿಕೊಂಡರು. ಆಮೇಲೆ ಎದ್ದು, ಅವಳ ಕೈ ಹಿಡಿದು ಎಬ್ಬಿಸಿದರು. "ನಡಿ ಒಳಗೆ. ನಾಳೆಯಿಂದ ವೇಳೆಗೆ ಸರಿಯಾಗಿ ಬಾ. ಎಲ್ಲಾ ಪರೀಕ್ಷೆ ಇನ್ನೊಂದ್ಸಲ ಬರಿ. ಫೇಲಾಗಿ ಇರೋದು ನಂಗೆ ಬೇಡ, ಪಾಸಾಗಿ ಇರು."

"ಪಾಸಾದ್ರೆ ಕಳಿಸ್ತಾರೆ."

"ಅದನ್ನ ನಾನ್ ನೋಡ್ಕೋತೀನಿ."

ಹೇಳುವುದು ಹೇಳಿಬಿಟ್ಟರು. ನೋಡಿಕೊಳ್ಳುವುದು ಹೇಗೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹುಡುಗಿ ಮಾತ್ರ ನಂಬಿದಳು. ಸಂಜೆ ಸಂಜೆ ಕೂತು ಖಾಲಿ ಬಿಟ್ಟಿದ್ದ ಪರೀಕ್ಷೆಗಳನ್ನೆಲ್ಲ ಬರೆದಳು, ಚೆನ್ನಾಗಿಯೇ ಬರೆದಳು. ಅವಳು ಒಂದೊಂದು ಪಾಸಾದಾಗಲೂ ನನಗೆ, ನಂಬಿಕೊಂಡವಳನ್ನು ನಾವೇ ಕೈಯಾರೆ ಗೇಟಿನ ಹೊರಗೆ ತಳ್ಳುತ್ತಿದ್ದೇವೆ ಅನ್ನಿಸುತ್ತಿತ್ತು.

ಸಮಿತಿ ಸೇರಿದ ದಿನ ನಯೇಲಿ ಬರಲಿಲ್ಲ. "ನನ್ ಬಗ್ಗೆ ಮಾತಾಡೋದನ್ನ ಕೂತ್ಕೊಂಡು ಕೇಳಕ್ಕಾಗಲ್ಲ" ಅಂತ ಶಾಲೆಯಲ್ಲೇ ಅನ್ನಕ್ಕೆ ನೀರಿಡುತ್ತಾ ಉಳಿದಳು. ರೊಸೌರಾ ಹಾಲು ಕರೆದು ನೇರ ಬಂದಿದ್ದಳು, ರಬ್ಬರ್ ಬೂಟು ಕಳಚಿರಲಿಲ್ಲ. ಒಡಿಲಿಯಾ ಅವರ ಕಂಕುಳಲ್ಲಿ ಬಟ್ಟೆ ಸುತ್ತಿದ ಬ್ರೆಡ್ಡು.

"ಇದ್ಯಾಕೆ?" ಅಂದೆ.

"ಕೈ ಸುಮ್ನಿರ್ಲಿಲ್ಲ ಕಣಯ್ಯಾ, ಮಾಡ್ಬಿಟ್ಟೆ. ಎಲ್ಲಿದ್ರೂ ತಿನ್ಲಿ."

ಮೇಜಿನ ತುದಿಯಲ್ಲಿ ಕಾರ್ಲ್‌ಸನ್ ಕೂತಿದ್ದರು. ಜಿಲ್ಲೆಯಲ್ಲಿ ಮಕ್ಕಳ ಶಾಲೆ ನಿಗದಿ ಮಾಡುವ ಅಧಿಕಾರಿ, ಮೆತ್ತಗಿನ ಮಾತಿನ ಸಜ್ಜನ. ನಯೇಲಿಯ ಅಂಕಗಳನ್ನು ನೋಡಿ ಮುಖ ಅರಳಿತು.

"ಅದ್ಭುತ! ಕೊನೇ ಗಳಿಗೆಯಲ್ಲಿ ಎದ್ದು ನಿಂತಿದಾಳೆ. ಜನವರಿಗೆ ವಾಪಸ್ ಕಳಿಸೋಣ. ಎಲ್ಲರೂ ಒಪ್ತೀರಲ್ವಾ?"

"ನಾನು ಒಪ್ಪಲ್ಲ" ಅಂದರು ಒಡಿಲಿಯಾ.

ಕಾರ್ಲ್‌ಸನ್ ಕನ್ನಡಕ ತೆಗೆದರು. "ನೀವಾ?"

"ನಾನೇ. ಆ ಹುಡುಗಿ ನಮ್ಮಲ್ಲಿ ಅರಳಿದಾಳೆ. ಅರಳಿದ ಗಿಡಾನ ಕಿತ್ತು ನೋಡಿ ಬೇರು ಬಂದಿದ್ಯಾ ಅಂತ ಪರೀಕ್ಷೆ ಮಾಡ್ತೀರೇನ್ರೀ? ಹಿತ್ತಲ ಗಿಡ ಮದ್ದಲ್ಲ ಅಂತ ನಿಮ್ಗೆಲ್ಲ. ನಮ್ಮದು ಶಾಲೆ ಅಲ್ವಾ? ನಾವೇನು ತುರುಮಂದೆ ಕೂಡಿಹಾಕೋ ದೊಡ್ಡೀನಾ?" ಮೇಜು ಗುದ್ದಿದರು. ಬ್ರೆಡ್ಡು ಹಾರಿ ಕೂತಿತು. "ಅವಳು ಅಲ್ಲಿಗೆ ಹೋದ್ರೆ ಫೆಬ್ರವರಿಗೆ ಶಾಲೆ ಬಿಡ್ತಾಳೆ. ಬೇಕಾದ್ರೆ ಬರ್ಕೊಳ್ಳಿ."

"ಒಡಿಲಿಯಾ, ಕೂತ್ಕೊಳ್ಳಿ."

"ಕೂರಲ್ಲ! ನಿಯಮ ಬದಲಾಯಿಸಿ, ಕೂರ್ತೀನಿ."

"ನಿಯಮ ಬದಲಾಯಿಸೋದೇನೂ ಬೇಕಿಲ್ಲ." ಕಾರ್ಲ್‌ಸನ್ ಇನ್ನೂ ಮೆತ್ತಗಾದರು. "ಶಿಕ್ಷೆ ಅಂತ ಕಳಿಸಿದ್ರೆ ಅರ್ಧವರ್ಷ ಆದ್ಮೇಲೆ ನಾವು ವಾಪಸ್ ತಗೋಬೇಕು, ಅದು ಸರಿ. ಆದ್ರೆ ಮನೆಯವರೇ ಹಿತ್ತಲ ಶಾಲೇಲೇ ಓದ್ಲಿ ಅಂತ ಕೇಳಿದ್ರೆ ಅದು ಶಿಕ್ಷೆ ಅಲ್ಲ. ಅದು ಅವಳ ಶಾಲೆ. ಮುಗಿಸೋ ತನಕ ಇರ್ಬಹುದು. ಅದು ಮೊದಲಿಂದ್ಲೂ ಇದೆ."

ಒಡಿಲಿಯಾ ಕೂತರು.

"ಮೊದಲಿಂದ್ಲೂ ಇದ್ಯಾ? ಮತ್ತೆ ಇಷ್ಟು ದಿನ ಯಾಕ್ರೀ ಬಾಯಿ ಬಿಡ್ಲಿಲ್ಲ?"

"ಯಾರೂ ಕೇಳಿರ್ಲಿಲ್ಲ. ನೀವಂತೂ ಒಬ್ಬೊಬ್ಬರನ್ನ ಕಳಿಸಿದಾಗ್ಲೂ ಗಂಟೆ ಹೊಡೀತೀರಾ, ನಮಗೂ ಬ್ರೆಡ್ಡು ಕಳಿಸ್ತೀರಾ. ಅಷ್ಟು ಖುಷಿಯಾಗಿ ಕಳಿಸೋರ ಹತ್ರ, ಕಳಿಸ್ಬೇಡಿ ಅಂತ ನಾನು ಹೇಗೆ ಹೇಳ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಮೇಜಿನ ಕೆಳಗೆ ಒಡಿಲಿಯಾ ನನ್ನ ಕಾಲು ತುಳಿದರು. ಸ್ಪ್ಯಾನಿಷ್ ಬಲ್ಲ ಸಹಾಯಕಿ ಇದನ್ನೆಲ್ಲ ರೊಸೌರಾಗೆ ಹೇಳಿದಳು. ರೊಸೌರಾ ಬೂಟಿನ ಕಾಲು ಜೋಡಿಸಿ ನೆಟ್ಟಗೆ ಕೂತಳು.

"ಕೇಳಿದ್ರೆ ಸಾಕಾ?"

"ಸಾಕು ತಾಯಿ."

"ಹಾಗಿದ್ರೆ ನಾನು ಕೇಳ್ತಿದೀನಿ. ನನ್ ಮಗಳು ಅಲ್ಲೇ ಓದ್ಲಿ. ಅಲ್ಲಿಗೆ ಹೋದ್ಮೇಲೇನೇ ಅವಳು ಮನೇಲಿ ನಗೋಕ್ ಶುರು ಮಾಡಿದ್ದು."

ಅಷ್ಟೇ. ವಾರಗಟ್ಟಲೆ ನಿದ್ದೆಗೆಡಿಸಿದ ವಿಷಯ ಒಂದು ಮಾತಿಗೆ ಮುಗಿದುಹೋಯಿತು. ಹೊಟ್ಟೆಗೆ ಹಾಲೆರೆದಂತಾಯಿತು ನನಗೆ. ಹೊರಗೆ ಬಂದು ಟ್ರಕ್ಕಿಗೆ ಒರಗಿ ಸುಮ್ಮನೆ ಉಸಿರು ಬಿಡುತ್ತಾ ನಿಂತೆ. ಒಡಿಲಿಯಾ ರೊಸೌರಾಳನ್ನು ಬೂಟು, ಸಗಣಿ ಸಮೇತ ತಬ್ಬಿಕೊಂಡು, "ಅತ್ತರೆ ತಾನೇ ಮಗುವಿಗೆ ಹಾಲು! ನಾವೆಂಥ ಪೆದ್ದಿಗಳು!" ಅಂತ ಪೋರ್ಚುಗೀಸಿನಲ್ಲಿ ಕೂಗುತ್ತಿದ್ದರು. ರೊಸೌರಾ ಸ್ಪ್ಯಾನಿಷಿನಲ್ಲಿ ಇನ್ನೇನೋ ಹೇಳುತ್ತಾ ಅಳುತ್ತಿದ್ದಳು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು ಅಂತ ಕಾಣುತ್ತದೆ.

ಖುಷಿಯಲ್ಲಿ ಒಡಿಲಿಯಾ ಒಂದು ತಪ್ಪು ಮಾಡಿದರು. ರೊಸೌರಾಳನ್ನೂ ಟ್ರಕ್ಕಿಗೆ ಹತ್ತಿಸಿಕೊಂಡು ಶಾಲೆ ಮುಟ್ಟಿದ್ದೇ ತಡ, ಅಭ್ಯಾಸಬಲದಿಂದ, "ಎಲ್ಲಾ ಗೇಟಿಗೆ ಬನ್ರೋ!" ಅಂತ ಕೂಗಿ, ಕಂಕುಳಲ್ಲಿ ಬ್ರೆಡ್ಡು ಇಟ್ಟುಕೊಂಡೇ ಗಂಟೆಗೆ ಕೈ ಹಾಕಿದರು. ಮಕ್ಕಳು ಓಡಿ ಬಂದರು. ಎಲ್ಲರ ಹಿಂದೆ ನಯೇಲಿ ಬಂದಳು. ಬ್ರೆಡ್ಡು ನೋಡಿದಳು, ಗಂಟೆಯ ಮೇಲಿನ ಕೈ ನೋಡಿದಳು. ಮುಖ ಸುಣ್ಣವಾಯಿತು. ಒಳಗೆ ಹೋಗಿ, ಚೀಲ ಹೆಗಲಿಗೆ ಹಾಕಿಕೊಂಡು ಬಂದಳು.

"ಹೊಡೀಬೇಡಿ ಅಂದಿದ್ನಲ್ಲ ಮಿಸ್" ಅಂದಳು ಸಣ್ಣಗೆ.

"ಅಯ್ಯೋ ದೇವರೇ!" ಒಡಿಲಿಯಾ ಹಣೆ ಚಚ್ಚಿಕೊಂಡರು. ಬ್ರೆಡ್ಡನ್ನು ನನ್ನ ಕೈಗೆ ತುರುಕಿ, ಗೇಟು ತೆರೆದು, ಹುಡುಗಿಯ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ರಸ್ತೆಯಲ್ಲಿ ನಿಲ್ಲಿಸಿ, ಶಾಲೆಯ ಕಡೆಗೆ ಮುಖ ತಿರುಗಿಸಿದರು. ತಾವು ಮಾತ್ರ ಗೇಟಿನ ಹತ್ತಿರ ಬಂದು ಹೊರಗಡೆಯಿಂದಲೇ ಗಂಟೆ ಹಿಡಿದರು.

"ಈಗ ಒಳಗೆ ಬಾ."

"ಏನು?"

"ಒಳಗ್ ಬಾರೇ, ಕತ್ತೆ! ನಿಮ್ಮಮ್ಮ ಕೇಳಿದ್ಲು, ಅವರು ಕೊಟ್ರು. ಮುಗಿಸೋ ತನಕ ಇದು ನಿನ್ ಶಾಲೆ. ಯಾರೂ ಕಳಿಸಲ್ಲ. ಒಳಗ್ ಬಾ, ಗಂಟೆ ಹೊಡೀಬೇಕು ನಾನು!"

ನಯೇಲಿ ತಾಯಿಯ ಕಡೆ ನೋಡಿದಳು. ರೊಸೌರಾ ಹೌದು ಅಂತ ತಲೆ ಆಡಿಸಿದಳು. ಆಮೇಲೆ ಹುಡುಗಿ ನಡೆದು ಬಂದಳು, ಮೊದಲು ನಿಧಾನ, ಕೊನೆಗೆ ಓಟ. ಗಂಟೆ ಇಡೀ ಬಸ್ಸಿನ ಶೆಡ್ಡಿಗೆ ಕೇಳುವ ಹಾಗೆ ಬಡಿಯಿತು. ಹೊರಗೆ ಹೋಗುವವರಿಗೆ ತಟ್ಟಿದ್ದಕ್ಕಿಂತ ಜೋರಾಗಿ ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಬ್ರೆಡ್ಡು ಮುರಿದು ಹಂಚಲು ಶುರು ಮಾಡಿದೆ.

ಒಡಿಲಿಯಾ ಕಣ್ಣೊರೆಸಿಕೊಂಡು ಗೇಟು ದಾಟಲು ಹೆಜ್ಜೆ ಎತ್ತಿದರು. ಒಳಗಿದ್ದ ನಯೇಲಿ ಅಡ್ಡ ಕೈ ಹಿಡಿದಳು.

"ನಿಲ್ಲಿ ಮಿಸ್. ನಿಮ್ಮನ್ನೂ ಇಲ್ಲಿಗೆ ಕಳಿಸಿದ್ರು, ನೀವೂ ಇಲ್ಲೇ ಇರ್ತೀನಿ ಅಂತ ಕೇಳಿದ್ರಿ. ನಿಮಗೆ ಯಾರಾದ್ರೂ ಗಂಟೆ ಹೊಡೆದ್ರಾ?"

ಒಡಿಲಿಯಾ ಇಲ್ಲ ಅಂತ ತಲೆ ಆಡಿಸಿದರು.

ಹುಡುಗಿ ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಈಗ ಒಳಗೆ ಬನ್ನಿ" ಅಂದಳು, ಗಂಟೆ ಹೊಡೆದಳು. ಒಡಿಲಿಯಾ ಬೋರ್ಬಾ ತಮ್ಮ ಶಾಲೆಯೊಳಗೆ ನಡೆದು ಬಂದರು.